ಮೂರು ಗ್ರಾಮೂ ಇಲ್ಲದ ಚೆಂಡು

ಟೇಬಲ್ ಟೆನಿಸ್ ಚೆಂಡಿನ ತೂಕ ಕೇವಲ 2.7 ಗ್ರಾಂ. ಇಷ್ಟು ಹಗುರವಾದ ವಸ್ತುವನ್ನು ಹೊಡೆದು ಭುಜ ನೊಂದಿತೆಂದರೆ ಯಾರು ನಂಬುತ್ತಾರೆ? ನನ್ನ ಮನೆಯಾಕೆ ನಂಬಲಿಲ್ಲ. ಮೂವತ್ತೆರಡು ವರ್ಷ ಕರಿಹಲಗೆಯ ಮೇಲೆ ಬರೆದದ್ದರ ಫಲವಿದು ಎಂಬುದು ಆಕೆಯ ತೀರ್ಮಾನ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ತೋಳನ್ನು ಪದೇ ಪದೇ ಮೇಲೆತ್ತುವಾಗ ಭುಜದ ಮೂಳೆಯ ಚಾಚಿಗೂ ತೋಳ್ಮೂಳೆಯ ತಲೆಗೂ ನಡುವಣ ಇಕ್ಕಟ್ಟಿನಲ್ಲಿ ಸ್ನಾಯುವಿನ ಎಳೆ ಸಿಕ್ಕಿ ಒತ್ತಲ್ಪಡುತ್ತದೆ. ಸೀಮೆಸುಣ್ಣವೋ ಬ್ಯಾಟೋ, ಅದಕ್ಕೆ ಭೇದವಿಲ್ಲ.

ಕಳೆದ ವರ್ಷ ಅಂಗಿಯ ತೋಳಿಗೆ ಕೈ ತೂರಿಸುವುದೇ ದುಸ್ತರವಾಗಿ, ಫಿಸಿಯೋಥೆರಪಿ ಮಾಡುವ ತರುಣಿಯೊಬ್ಬರ ಬಳಿಗೆ ಹೋದೆ. "ಸರ್, ಆಡುವಾಗ ನಿಲ್ಲುವ ಹಾಗೆ ನಿಂತು ತೋರಿಸಿ" ಎಂದರು. ನಿಂತೆ. ಆಕೆ ನೋಡಿದ್ದು ನನ್ನ ಭುಜವನ್ನಲ್ಲ, ಮಂಡಿಯನ್ನು!

ಫೋರ್‌ಹ್ಯಾಂಡ್ ಹೊಡೆತದ ಬಲ ಹುಟ್ಟುವುದು ಪಾದದಲ್ಲಿ. ಕಾಲು ನೆಲವನ್ನು ಒತ್ತಬೇಕು, ಸೊಂಟ ತಿರುಗಬೇಕು, ಬೆನ್ನು ಅದನ್ನು ಹಿಂಬಾಲಿಸಬೇಕು. ತೋಳಿನ ಸರದಿ ಕಡೆಯದು. ಮಂಡಿ ಸವೆದವನ ಕಾಲು ತನ್ನ ಪಾಲಿನ ಬಲವನ್ನು ಕೊಡದು, ಅಷ್ಟೂ ಹೊರೆ ಭುಜದ ಮೇಲೆ ಬೀಳುತ್ತದೆ. ಮೇಜಿನ ಎತ್ತರವಾದರೋ 76 ಸೆಂಟಿಮೀಟರು. ಆಟ ಮುಗಿಯುವ ತನಕ ಮಂಡಿ ಮಡಿಸಿ, ಮುಂದಕ್ಕೆ ಬಾಗಿ, ಬಾಗಿದಂತೆಯೇ ತಿರುಗುತ್ತಿರಬೇಕು. ಕೆಳಬೆನ್ನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಇನ್ನು ನಮ್ಮ ಶಾಲೆಗಳಲ್ಲಿ ಮೇಜು ಹಾಕುತ್ತಿದ್ದುದು ಗಟ್ಟಿ ಸಿಮೆಂಟ್ ನೆಲದ ಮೇಲೆ. ಎಷ್ಟೋ ಹುಡುಗರು ಬರಿಗಾಲಿನಲ್ಲೇ ಆಡಿದರು.

ಚೀನಾದ ಮಾ ಲಾಂಗ್ 2019ರಲ್ಲಿ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2021ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ ಸಿಂಗಲ್ಸ್ ಚಿನ್ನವನ್ನು ಎರಡನೆಯ ಬಾರಿ ಗೆದ್ದರು. ಆಗ ಅವರಿಗೆ 32. ನನ್ನ ಸ್ನೇಹಿತರಾದ ಡ್ರಿಲ್ ಮಾಸ್ತರರಿಗೆ 71. ಮಂಡಿಯ ವೈದ್ಯರು ಅವರಿಗೆ ಆಟವನ್ನೇ ಬಿಡಿಸಿದರು. ಸಂಜೆ ಐದಕ್ಕೆ ಮನೆ ಬಿಟ್ಟು ಹೊರಡಲು ಇದ್ದ ಒಂದೇ ನೆಪ ತಪ್ಪಿದ ಮೇಲೆ, ಅವರು ಎರಡು ತಿಂಗಳು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಭುಜದ ನೋವಿಗಿಂತ ನನ್ನನ್ನು ಹೆದರಿಸಿದ್ದು ಅದು.

ಆದ್ದರಿಂದಲೇ ಆ ತರುಣಿ ಹೇಳಿದ ವ್ಯಾಯಾಮವನ್ನು ಸಂಧ್ಯಾವಂದನೆಯಷ್ಟು ನಿಷ್ಠೆಯಿಂದ ಮಾಡಿದೆ: ಬಾಗಿಲ ಚಿಲಕಕ್ಕೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವುದು, ಕುರ್ಚಿಯಿಂದ ಕೈಯೂರದೆ ಏಳುವುದು. ನಾಲ್ಕನೆಯ ತಿಂಗಳು ಬ್ಯಾಟು ಹಿಡಿದೆ. ಡ್ರಿಲ್ ಮಾಸ್ತರರನ್ನೂ ಒತ್ತಾಯದಿಂದ ಕರೆತಂದು ಅಂಕ ಎಣಿಸಲು ಕೂರಿಸಿದ್ದೇವೆ. ಆಟವನ್ನು 21ರಿಂದ 11 ಅಂಕಕ್ಕೆ ಇಳಿಸಿದ್ದು 2001ರಲ್ಲಿ. ನಮ್ಮಂಥ ಕೀಲುಗಳಿಗೆ ಅದೊಂದು ವರ. ಮಾಸ್ತರರು ಮಾತ್ರ ಈಗಲೂ 21ರ ತನಕ ಎಣಿಸದೆ ಬಿಡುವುದಿಲ್ಲ.