ಬಿ.ಎಚ್. ರೋಡಿನ ಎಚ್ಚು

ತುಮಕೂರಿನಲ್ಲಿ ನಮ್ಮ ಮನೆ ಇರುವುದು ಬಿ.ಎಚ್. ರೋಡಿನಿಂದ ಎರಡು ಅಡ್ಡರಸ್ತೆ ಒಳಗೆ. ಆ ರೋಡಿನಲ್ಲಿ ವರ್ಷಗಟ್ಟಲೆ ತರಕಾರಿ ತಂದಿದ್ದೇನೆ, ಮಗಳ ಸ್ಕೂಲ್ ಬಸ್ಸಿಗೆ ಕಾದಿದ್ದೇನೆ, ಎರಡು ಸಲ ಬಿದ್ದೂ ಇದ್ದೇನೆ. ಆದರೆ 'ಬಿ' ಎಂದರೆ ಬೆಂಗಳೂರು, 'ಎಚ್' ಎಂದರೆ ಹೊನ್ನಾವರ ಎಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೂ ಅದು ಯಾರೋ ದೊಡ್ಡ ಮನುಷ್ಯರ ಇನಿಷಿಯಲ್ಲು ಎಂದೇ ನಂಬಿದ್ದೆ. ತಿಪಟೂರಿಗೆ ಹೋದರೆ ಅಲ್ಲೂ ಬಿ.ಎಚ್. ರೋಡು, ಅರಸೀಕೆರೆ, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಎಲ್ಲಿ ನೋಡಿದರೂ ಅದೇ ಬೋರ್ಡು. ಇಷ್ಟೂರಿನಲ್ಲಿ ಹೆಸರು ಮಾಡಿದ ಆ ಪುಣ್ಯಾತ್ಮರ ಮೇಲೆ ನನಗೆ ಒಂದಿಷ್ಟು ಹೊಟ್ಟೆಕಿಚ್ಚೂ ಇತ್ತು.

'ಬಿ'ಯನ್ನು ಬೇಕಾದಷ್ಟು ಸಲ ನೋಡಿಯಾಗಿದೆ. ಬೆಂಗಳೂರಿಗೆ ಹೋಗಿಬರದೆ ತುಮಕೂರಿನವರಿಗೆ ಹಲ್ಲುನೋವು ಕೂಡ ವಾಸಿಯಾಗುವುದಿಲ್ಲ. ಉಳಿದದ್ದು 'ಎಚ್'. ಕಳೆದ ಡಿಸೆಂಬರಿನಲ್ಲಿ ಎಂಟು ದಿನ ರಜೆ ಹಾಕಿ, ಅಪ್ಪನ ಕಾಲದ ಸೈಕಲ್ಲಿಗೆ ಎಣ್ಣೆ ಬಿಟ್ಟು ಹೊರಟೆ. 350 ಕಿ.ಮೀ.ಗೂ ಹೆಚ್ಚಿನ ದಾರಿ. ಸೈಕಲ್ಲಿಗೆ ಗೇರಿಲ್ಲ, ಬ್ರೇಕು ವೈರಿನದಲ್ಲ, ಸರಳಿನದು. ಕ್ಯಾರಿಯರ್ ಮಾತ್ರ ರಾಗಿ ಮೂಟೆ ಹೊತ್ತು ಪಳಗಿದ್ದು, ನನ್ನ ಬಟ್ಟೆಗಂಟನ್ನು ಅದು ಲೆಕ್ಕಕ್ಕೇ ಇಡಲಿಲ್ಲ.

ಏರು, ಬಿಸಿಲು, ಲಾರಿ ಎಲ್ಲಕ್ಕೂ ಸಿದ್ಧನಾಗಿದ್ದೆ. ಸಿದ್ಧನಾಗದೆ ಹೋದದ್ದು "ಯಾಕೆ?" ಎಂಬ ಪ್ರಶ್ನೆಗೆ.

ಮೊದಲ ದಿನ ತಿಪಟೂರು ದಾಟುವಷ್ಟರಲ್ಲಿ ಕತ್ತಲಾಯಿತು. ಒಂದು ತೋಟದ ಮನೆಯ ಮುಂದೆ ನೀರು ಕೇಳಿದೆ.

"ಯಾವೂರು ಸಾರ್?"

"ತುಮಕೂರು. ಹೊನ್ನಾವರಕ್ಕೆ ಹೊರಟಿದ್ದೀನಿ."

"ಸೈಕಲ್ಲಲ್ಲಾ! ಏನ್ ಕೆಲ್ಸ?"

"ಏನಿಲ್ಲ, ಸುಮ್ನೆ."

ಆ 'ಸುಮ್ನೆ' ಯಜಮಾನರಿಗೆ ಸರಿಹೋಗಲಿಲ್ಲ. ನೀರಿನ ಜೊತೆ ನನ್ನನ್ನೂ ಒಳಗೆ ಕರೆದರು. ಮುದ್ದೆ, ಅವರೆಕಾಳಿನ ಸಾರು. ಎರಡನೇ ಮುದ್ದೆ ಮುರಿಯುವ ಹೊತ್ತಿಗೆ ದನಿ ಇಳಿಸಿ, "ಮನೇಲಿ ಏನಾದ್ರೂ ಮಾತಾಯ್ತಾ?" ಎಂದರು. ಇಲ್ಲವೆಂದೆ. "ಹಂಗಾದ್ರೆ ಅಮ್ಮೋರಿಗೊಂದು ಫೋನ್ ಮಾಡಿ." ಮಾಡಿದೆ. ಅವರೇ ಫೋನು ತೆಗೆದುಕೊಂಡು, "ಅಕ್ಕಾ, ನಿಮ್ಮೆಜಮಾನ್ರು ನಮ್ಮನೇಲಿ ಕ್ಷೇಮವಾಗವ್ರೆ, ಏನೂ ಯೋಚ್ನೆ ಮಾಡ್ಬೇಡಿ" ಎಂದರು. ನನ್ನ ಹೆಂಡತಿಗೆ ಯೋಚನೆ ಶುರುವಾದದ್ದೇ ಆಗ.

ಅಟ್ಟದ ಕೆಳಗೆ ಚಾಪೆ ಹಾಸಿಕೊಟ್ಟರು. ತಲೆಯ ಮೇಲೆ ಸಾವಿರಗಟ್ಟಲೆ ತೆಂಗಿನಕಾಯಿ ಸಿಪ್ಪೆ ಸಮೇತ ಮಲಗಿದ್ದವು. ವರ್ಷದ ಹತ್ತಿರ ಹೀಗೇ ಬಿದ್ದಿರಬೇಕಂತೆ. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಒಂದು ಕಾಯಿಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದರು. ಗುಳುಗುಳು ಅಂದರೆ ಇನ್ನೂ ನೀರಿದೆ, ಗಡಗಡ ಅಂದರೆ ಸುಲಿಯಬಹುದು. ರಾತ್ರಿ ಇಲಿ ಓಡಿದಾಗೆಲ್ಲ ಮೇಲೆ ಯಾವುದೋ ಕಾಯಿ ಉರುಳಿ ಗಡಗಡ. ಬೆಳಗ್ಗೆ ಎದ್ದರೆ ನನ್ನ ಮಂಡಿಯೂ ಅದೇ ಹದಕ್ಕೆ ಬಂದಿತ್ತು.

ಅರಸೀಕೆರೆ, ಕಡೂರು, ಬೀರೂರು ದಾಟಿದ್ದು ನೆನಪಿರುವುದು ಬರೀ ಎದುರುಗಾಳಿಯಿಂದ. ತರೀಕೆರೆಯಲ್ಲಿ ಮಾತ್ರ ಬೇಕೆಂದೇ ದಾರಿ ಬಿಟ್ಟೆ. ನಾಲಿಗೆ ತೊಡರಿಸುವ ಆಟದಲ್ಲಿ ಚಿಕ್ಕಂದಿನಿಂದ ಆ ಕೆರೆ ಏರಿಯ ಮೇಲೆ ಕುರಿಮರಿ ಮೇಯಿಸಿದವನು ನಾನು. ಏರಿಯನ್ನು ನೋಡದೆ ಹೋಗುವುದು ಹೇಗೆ? ಹತ್ತಿದೆ. ಕುರಿಮರಿ ಒಂದೂ ಇರಲಿಲ್ಲ. ಒಂದು ಎಮ್ಮೆ ಇತ್ತು, ಅದರ ಮೇಲೆ ಒಂದು ಬೆಳ್ಳಕ್ಕಿ, ಆಮೇಲೆ ನನ್ನ ಹಿಂದಿನ ಚಕ್ರದಲ್ಲಿ ಒಂದು ಜಾಲಿಮುಳ್ಳು. ಪಂಕ್ಚರ್ ಅಂಗಡಿಯ ತಾತ ಟ್ಯೂಬನ್ನು ಬಾಣಲಿಯ ನೀರಿನಲ್ಲಿ ಗೇಣುಗೇಣೇ ಮುಳುಗಿಸುತ್ತ, ಗುಳ್ಳೆ ಎದ್ದಲ್ಲಿ ಬೆರಳು ಒತ್ತಿ, "ಗಾಡಿ ಮಾರ್ಬಿಟ್ರಾ?" ಎಂದು ಕೇಳಿದರು. ಮನೆಯಲ್ಲಿ ಸ್ಕೂಟರಿದೆ ಎಂದೆ. ಅವರು ಮತ್ತೆ ಮಾತಾಡಲಿಲ್ಲ. ತೇಪೆ ಹಾಕುವಷ್ಟು ಹೊತ್ತೂ ಆಗಾಗ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು, ಅಲ್ಲೂ ಎಲ್ಲೋ ಗಾಳಿ ಸೋರುತ್ತಿದೆಯೇನೋ ಎಂಬಂತೆ.

ಭದ್ರಾವತಿಯಲ್ಲಿ ಟೀ, ಶಿವಮೊಗ್ಗದಲ್ಲಿ ಒಂದು ಇಡೀ ದಿನ ನಿದ್ದೆ. ಆನಂದಪುರದ ಹತ್ತಿರ ಟೀ ಅಂಗಡಿಯವನು ಕೇಳಿದ, ಸಾಗರದಲ್ಲಿ ಹಣ್ಣಿನಾಕೆ ಕೇಳಿದಳು. 'ಸುಮ್ಮನೆ' ಎಂದಾಗೆಲ್ಲ ಎದುರಿನವರ ಮುಖದಲ್ಲಿ ಕನಿಕರ ಮೂಡುತ್ತಿತ್ತು. ಕನಿಕರದಿಂದ ನನಗೆ ಸಾಕುಸಾಕಾಯಿತು.

ಸಾಗರ ಬಿಟ್ಟು ತಾಳಗುಪ್ಪದ ಕಡೆ ಹೊರಟವನಿಗೆ ಸಂಜೆ ಚೈನು ತುಂಡಾಯಿತು. ತಳ್ಳಿಕೊಂಡು ಹೋಗುತ್ತಿದ್ದಾಗ ಒಂದು ಮನೆಯ ಅಂಗಳದಲ್ಲಿ ದೀಪ. ಅಡಿಕೆ ಸುಲಿಯುವ ಕಾಲ. ಹತ್ತು ಹನ್ನೆರಡು ಜನ ಮೆಟ್ಟುಗತ್ತಿಯ ಮುಂದೆ ಕೂತಿದ್ದರು. ಅಲಗಿಗೆ ಕಾಯಿ ಒತ್ತಿ ಒಂದು ಸಲ ಹೊರಳಿಸಿದರೆ ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಕೈ ನಡೆಯುತ್ತಲೇ ಇತ್ತು, ಮಾತೂ ನಡೆಯುತ್ತಿತ್ತು, ಕಣ್ಣು ಮಾತ್ರ ಕತ್ತಿಯ ಮೇಲಿರಲಿಲ್ಲ. ಹಿತ್ತಲ ಕಡೆಯಿಂದ ಅಡಿಕೆ ಬೇಯಿಸುವ ಚೊಗರಿನ ವಾಸನೆ. ಎಲ್ಲರ ನಡುವೆ ಕೂತಿದ್ದ ಅಜ್ಜಿ ನನ್ನನ್ನೂ ಸೈಕಲ್ಲನ್ನೂ ನೋಡಿ, "ಹರಕೆಯೇನಪ್ಪ?" ಎಂದರು.

"ಹೌದು" ಎಂದುಬಿಟ್ಟೆ.

"ಯಾವ ದೇವರಿಗೆ?"

"ಕೊಲ್ಲೂರು." ಅದು ಎಲ್ಲಿಂದ ಬಾಯಿಗೆ ಬಂತೋ!

ಅಂಗಳದ ಮೂಡೇ ಬದಲಾಯಿತು. ಬಿಸಿನೀರು ಬಂತು, ಒಂದೆಲಗದ ತಂಬುಳಿ ಬಂತು, ಅಪ್ಪೆಮಿಡಿ ಬಂತು. ಒಬ್ಬ ಹುಡುಗ ಎಲ್ಲಿಂದಲೋ ಚೈನಿನ ಕೊಂಡಿ ಹುಡುಕಿ ತಂದು ಜೋಡಿಸಿದ. ಅಜ್ಜಿ ನನ್ನ ಊರು, ಕೆಲಸ, ಮಗಳ ಓದು, ಹೆಂಡತಿಯ ನಕ್ಷತ್ರ ಎಲ್ಲ ಕೇಳಿ ತಿಳಿದರು. ಬೆಳಗ್ಗೆ ಹೊರಡುವಾಗ ನೂರೊಂದು ರೂಪಾಯಿಯನ್ನು ವೀಳ್ಯದೆಲೆಯಲ್ಲಿ ಮಡಿಸಿ ಕೈಗಿಟ್ಟರು. "ನನ್ನ ಹೆಸರಲ್ಲೊಂದು ಕುಂಕುಮಾರ್ಚನೆ ಮಾಡ್ಸಪ್ಪ. ನಂಗಿನ್ನು ಅಷ್ಟು ದೂರ ಆಗೂದಿಲ್ಲ. ಆದ್ರೆ ಕೊಲ್ಲೂರಿಗೆ ಈ ದಾರೀಲಿ ಯಾಕೆ ಬಂದೆ? ಹಿಂದೆ ಹೋಗಿ ಸಿಗಂದೂರು ಸೇತುವೆ ಹಿಡಿ."

ಮನೆಯವರೆಲ್ಲ ಗೇಟಿನವರೆಗೆ ಬಂದು ನಿಂತಿದ್ದರು. ಹೊನ್ನಾವರ ಬಲಕ್ಕೆ. ನಾನು ಎಡಕ್ಕೆ ತಿರುಗಿದೆ.

ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ ಆ ಸೇತುವೆ 2025ರ ಜುಲೈನಲ್ಲಿ ತೆರೆದದ್ದು, ಎರಡು ಕಿ.ಮೀ. ದಾಟುತ್ತದೆ. ನಡುವೆ ಗಾಳಿ ಸೈಕಲ್ಲನ್ನು ಅಡ್ಡಕ್ಕೆ ತಳ್ಳುತ್ತಿತ್ತು, ಇಳಿದು ನಿಂತೆ. ಸ್ಕೂಟರ್ ನಿಲ್ಲಿಸಿ ನೀರು ನೋಡುತ್ತಿದ್ದ ತುಮರಿ ಕಡೆಯವರೊಬ್ಬರು ಮಾತಿಗೆ ಸಿಕ್ಕರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಇವರ ಕಡೆಯವರಿಗೆ ಸಾಗರಕ್ಕೆ ಹೋಗಲು ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ಕತ್ತಲಾಗಿ ಲಾಂಚು ನಿಂತರೆ ಊರೂ ನಿಂತ ಹಾಗೆ. ಈ ನೀರಿನಡಿ ಮನೆ, ಗದ್ದೆಗಳಷ್ಟೇ ಅಲ್ಲ, 1948ರ ಹಿರೇಭಾಸ್ಕರ ಅಣೆಕಟ್ಟೂ ಇದೆ, ಬೇಸಿಗೆಯಲ್ಲಿ ನೀರಿಳಿದರೆ ತಲೆಯೆತ್ತುತ್ತದೆ. ಬೆಳಕಿಗಾಗಿ ಕಟ್ಟಿದ ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದ್ದು ನನಗೆ ವಿಚಿತ್ರವೆನಿಸಿತು. ಅವರಿಗೆ ಅದೆಲ್ಲ ಹಳೇ ಮಾತು. "ದಿನಾ ಒಂದ್ಸಲ ಇಲ್ಲಿ ಗಾಡಿ ನಿಲ್ಲಿಸ್ತೀನಿ. ಎಷ್ಟು ಬೇಗ ದಾಟಿಬಿಡ್ತೀವಿ ನೋಡಿ, ಬೇಜಾರಾಗತ್ತೆ" ಎಂದರು. ಲಾಂಚಿಗೆ ಕಾಯುತ್ತ ನಿಂತಾಗಲೇ ಎರಡು ಮದುವೆ ಕುದುರಿಸಿದ್ದರಂತೆ. ಇಷ್ಟಾಗಿ ನಾನು ಎಲ್ಲಿಗೆ, ಯಾಕೆ ಎಂದು ಅವರೊಬ್ಬರೇ ಕೇಳಲಿಲ್ಲ.

ಕೊಲ್ಲೂರು ಘಾಟಿಯನ್ನು ಸೈಕಲ್ ಇಳಿಯಿತು, ನಾನು ಅದನ್ನು ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. ಎರಡು ತಿರುವಿನಲ್ಲಿ ಹತ್ತಿ ನೋಡಿದೆ; ಬ್ರೇಕಿನ ರಬ್ಬರು ಸುಟ್ಟ ವಾಸನೆ ಬಂದದ್ದೇ ಇಳಿದೆ.

ದೇವಸ್ಥಾನದ ಸೇವಾ ಕೌಂಟರಿನಲ್ಲಿ ಎಲೆ ಬಿಡಿಸಿ ನೂರೊಂದು ರೂಪಾಯಿ ಇಟ್ಟೆ. ಕಡಿಮೆ ಬಿದ್ದರೆ ಸೇರಿಸಲು ಜೇಬಿಗೆ ಕೈಹಾಕಿಕೊಂಡೇ ಇದ್ದೆ.

"ಯಾರ ಹೆಸರಲ್ಲಿ?"

ಎರಡು ಹೊತ್ತು ಉಂಡು, ರಾತ್ರಿಯೆಲ್ಲ ಮಲಗಿ, ಅವರ ಹುಡುಗನಿಂದ ಚೈನು ಹಾಕಿಸಿಕೊಂಡು ಬಂದಿದ್ದೆ. ಅಜ್ಜಿಯ ಹೆಸರು ಕೇಳಿರಲಿಲ್ಲ.

"ಅಜ್ಜಿ ಅಂತ ಹಾಕಿ" ಎಂದೆ. ಹಿಂದಿನಿಂದ ಕ್ಯೂ ದೂಡುತ್ತಿತ್ತು. ಕೌಂಟರಿನವರು ನನ್ನ ಧೂಳು ಹಿಡಿದ ಪ್ಯಾಂಟು ನೋಡಿ, "ಎಲ್ಲಿಂದ ಬಂದ್ರಿ? ಹರಕೆಯಾ?" ಎಂದರು.

"ಹರಕೆಯೇ. ನಂದಲ್ಲ."

ಅಷ್ಟರಲ್ಲಿ ರಜೆಯೂ ಮುಗಿಯುತ್ತ ಬಂದಿತ್ತು. ಸೈಕಲ್ಲನ್ನು ಬಸ್ಸಿನ ಟಾಪಿಗೆ ಕಟ್ಟಿಸಿ ತುಮಕೂರಿಗೆ ಮರಳಿದೆ. ಕುಂಕುಮದ ಪೊಟ್ಟಣವೂ 'ಅಜ್ಜಿ' ಎಂದಿರುವ ರಸೀದಿಯೂ ಈಗ ನಮ್ಮ ದೇವರಗೂಡಿನಲ್ಲಿವೆ. ಅವನ್ನು ಯಾವಾಗ ತಲುಪಿಸುತ್ತೀರಿ ಎಂದು ಹೆಂಡತಿ ವಾರಕ್ಕೊಮ್ಮೆ ಕೇಳುತ್ತಾಳೆ. ತಾಳಗುಪ್ಪ ಹೊನ್ನಾವರದ ದಾರಿಯಲ್ಲೇ ಇದೆ. ಸೈಕಲ್ಲಿಗೆ ಹೊಸ ಬ್ರೇಕು ರಬ್ಬರು ಹಾಕಿಸಿದ್ದೇನೆ.