ಹಿಮಾಲಯವು ಯಾವ ಕಡೆಗೆ?

ವಿಮಾನದಲ್ಲಿ ಕಿಟಕಿಯ ಪಕ್ಕದ ಆಸನವು ದೊರೆತರೆ ಸಾಲದು. ಯಾವ ಕಡೆಯ ಕಿಟಕಿಯೆಂಬುದನ್ನೂ ವಿಚಾರಿಸತಕ್ಕದ್ದು. ದಿಲ್ಲಿಯಿಂದ ಕಾಠ್ಮಂಡುವಿಗೆ ವಿಮಾನವು ಪೂರ್ವಾಭಿಮುಖವಾಗಿ ಸಾಗುವುದರಿಂದ, ಉತ್ತರದ ಹಿಮಾಲಯವು ಎಡಗಡೆಗೆ ಬರುತ್ತದೆ, ಹಿಂದಿರುಗುವಾಗ ಬಲಗಡೆಗೆ. ಆರು ಆಸನಗಳ ಸಾಲಿನಲ್ಲಿ ಎಡಗಡೆಯ ಕಿಟಕಿಗೆ ‘ಎ’ ಎಂದೂ ಬಲಗಡೆಯದಕ್ಕೆ ‘ಎಫ್’ ಎಂದೂ ಗುರುತು. ರೆಕ್ಕೆಯು ನೋಟಕ್ಕೆ ಅಡ್ಡವಾಗದಂತೆ ಅದರ ಮುಂದಿನ ಇಲ್ಲವೆ ತೀರ ಹಿಂದಿನ ಸಾಲು ಉತ್ತಮ.

ಪಶುಪತಿನಾಥನ ದರ್ಶನಕ್ಕೆ ಹೋದಾಗ ನಾವು ಆ ಆಸನವನ್ನು ನಮ್ಮ ತಾಯಿಯವರಿಗೆ ಬಿಟ್ಟುಕೊಟ್ಟೆವು. ಮಂಡಿನೋವಿನಿಂದ ಮನೆಯ ಮೆಟ್ಟಿಲನ್ನೇ ಹತ್ತಲಾರದ ಅವರಿಗೆ ಕೇದಾರದ ಹಾದಿಯು ಕನಸಾಗಿಯೇ ಉಳಿದಿದ್ದಿತು. 8,167 ಮೀಟರು ಎತ್ತರದ ಧವಳಗಿರಿಯು ಮೋಡಗಳ ಮೇಲೆ ಬೆಳ್ಳಗೆ ಕಾಣಿಸಿದೊಡನೆ ಅವರು ಕೈಮುಗಿದರು. ಬಹಳ ಹೊತ್ತು ಮಾತನಾಡಲಿಲ್ಲ.

ಕಿಟಕಿಯನ್ನು ಮಕ್ಕಳಿಗೆ ಕೊಡುವುದು ವಾಡಿಕೆ. ಹೋಗುವಾಗ ಹಿರಿಯರಿಗೂ ಬರುವಾಗ ಮಕ್ಕಳಿಗೂ ಕೊಡುವುದು ಲೇಸು.