ಟಿಕೆಟ್ ಇನ್ನೂ ಡೆಲ್ಲಿಲಿ ಅದೆ

2022ರ ನವೆಂಬರ್. ವಿಧಾನಸಭೆ ಟಿಕೆಟ್ ಬೇಕಾದವರು ಅರ್ಜಿ ಹಾಕಿ ಎಂದು ಕೆಪಿಸಿಸಿ ಕರೆಯಿತು. ಅರ್ಜಿಗೆ 5,000 ರೂಪಾಯಿ. ಜೊತೆಗೆ 2 ಲಕ್ಷದ ಡಿಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 1 ಲಕ್ಷ. ಕ್ಷೇತ್ರ 224. ಬಂದ ಅರ್ಜಿ 1,300ಕ್ಕೂ ಹೆಚ್ಚು.

ಅದೇ ಚುನಾವಣೆಗೆ ಆಯೋಗಕ್ಕೆ ಕಟ್ಟುವ ಠೇವಣಿ 10,000, ಪರಿಶಿಷ್ಟರಿಗೆ 5,000. ನಿಲ್ಲುವುದಕ್ಕಿಂತ ನಿಲ್ಲುತ್ತೇನೆಂದು ಕೇಳುವುದಕ್ಕೇ ಇಪ್ಪತ್ತು ಪಟ್ಟು.

*

ನಂಜನಗೂಡು ತಾಲ್ಲೂಕಿನ ತಗಡೂರು. ಟೀ ಅಂಗಡಿ.

‘ಟಿಕೆಟ್ ಯಾರ್ಗಂತೆ?’

‘ಇನ್ನೂ ಡೆಲ್ಲಿಲಿ ಅದೆ.’

ಕೇಳಿದವರಿಗೆ ಅಷ್ಟು ಸಾಕಾಯಿತು. ಡೆಲ್ಲಿಯಲ್ಲಿ ಯಾರ ಹತ್ತಿರ ಇದೆ ಎಂದು ಕೇಳಲಿಲ್ಲ.

*

ನಂಜನಗೂಡು ತಾಲ್ಲೂಕಿನ ಕೆಲವು ಊರು ನಂಜನಗೂಡು ಕ್ಷೇತ್ರಕ್ಕೆ, ಕೆಲವು ವರುಣಕ್ಕೆ. ತಿ. ನರಸೀಪುರ ತಾಲ್ಲೂಕನ್ನೂ ಹಾಗೇ ಹಂಚಿದ್ದಾರೆ. ವರುಣ ಹುಟ್ಟಿದ್ದು 2008ರಲ್ಲಿ. ಬೀಗರ ಮನೆಗೆ ಹೋದರೆ ಶಾಸಕರು ಬೇರೆ.

*

2023ರ ಮಾರ್ಚ್ 31. ಬಿಜೆಪಿಯವರು ರಾಜ್ಯದ ಉದ್ದಕ್ಕೂ ಮತಪೆಟ್ಟಿಗೆ ಇಟ್ಟರು. ಮತದಾರರು ಪಕ್ಷದ ಪದಾಧಿಕಾರಿಗಳು. ಕ್ಷೇತ್ರಕ್ಕೆ ಮೂರು ಹೆಸರು ಬರೆಯಬೇಕು. ಬರೆದರು, ಪೆಟ್ಟಿಗೆಗೆ ಹಾಕಿದರು. ಏಪ್ರಿಲ್ 11ರಂದು ಡೆಲ್ಲಿಯಿಂದ 189 ಹೆಸರಿನ ಪಟ್ಟಿ ಬಂತು. ಯಾರಿಗೆ ಎಷ್ಟು ಮತ ಬಿದ್ದಿತ್ತು ಎಂಬುದು ಪಟ್ಟಿಯಲ್ಲಿ ಇರಲಿಲ್ಲ.

*

ಅಮೆರಿಕದಲ್ಲಿ ಈ ಕೆಲಸ ಬಯಲಲ್ಲಿ ನಡೆಯುತ್ತದೆ. ಅದಕ್ಕೆ ಪ್ರೈಮರಿ ಎನ್ನುತ್ತಾರೆ. ಪಕ್ಷದ ಟಿಕೆಟ್ ಯಾರಿಗೆ ಎಂದು ಜನ ಹೋಗಿ ಮತ ಹಾಕುತ್ತಾರೆ. ರಾಜ್ಯಕ್ಕೊಂದು ದಿನ, ತಿಂಗಳುಗಟ್ಟಲೆ.

2019ರ ಜೂನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ದೇಶದ ಅಧ್ಯಕ್ಷರಾಗಲು ಹೊರಟ ಆಕಾಂಕ್ಷಿಗಳ ಮೊದಲ ಚರ್ಚೆ ಮಯಾಮಿಯಲ್ಲಿ. ವೇದಿಕೆಗೆ ಅರ್ಹರಾದವರು 20 ಮಂದಿ. ಒಂದು ವೇದಿಕೆಗೆ ಹಿಡಿಸಲಿಲ್ಲ. ಹತ್ತು ಹತ್ತು ಮಾಡಿ ಎರಡು ರಾತ್ರಿ ನಿಲ್ಲಿಸಿದರು.

ವೇದಿಕೆ ಹತ್ತಲು ಮೂರು ಸಮೀಕ್ಷೆಗಳಲ್ಲಿ ಶೇ 1 ಬೆಂಬಲ ಇರಬೇಕು. ಇಲ್ಲವೇ 65,000 ಜನ ಹಣ ಕೊಟ್ಟಿರಬೇಕು. ಎಷ್ಟು ಹಣ ಎಂಬ ಲೆಕ್ಕವಿಲ್ಲ. ಒಂದು ಡಾಲರ್ ಕೊಟ್ಟವರೂ ಒಬ್ಬರು, ಸಾವಿರ ಕೊಟ್ಟವರೂ ಒಬ್ಬರು. ಹಾಗಾಗಿ ಆ ಬೇಸಿಗೆ ಪೂರ್ತಿ ಅಭ್ಯರ್ಥಿಗಳು ಒಂದೊಂದು ಡಾಲರ್ ಬೇಡಿದರು.

ಇಲ್ಲಿ ಆಕಾಂಕ್ಷಿ ಕೊಡುತ್ತಾನೆ. ಅಲ್ಲಿ ಕೇಳುತ್ತಾನೆ.

*

2015ರ ಆಗಸ್ಟ್ 6, ಕ್ಲೀವ್‌ಲ್ಯಾಂಡ್. ರಿಪಬ್ಲಿಕನ್ ಆಕಾಂಕ್ಷಿಗಳು 17. ಸಮೀಕ್ಷೆಯಲ್ಲಿ ಮುಂದಿದ್ದ ಹತ್ತು ಮಂದಿಗೆ ರಾತ್ರಿ 9 ಗಂಟೆ. ಉಳಿದ ಏಳು ಮಂದಿಗೆ ಸಂಜೆ 5 ಗಂಟೆ. ಸಭಾಂಗಣದ ಕುರ್ಚಿಗಳು ಬಹುಪಾಲು ಖಾಲಿ. ಖಾಲಿ ಕುರ್ಚಿಗಳ ಮುಂದೆ ಏಳು ಜನ ದೇಶ ಹೇಗೆ ನಡೆಸುತ್ತೇವೆ ಎಂದು ಹೇಳಿದರು.

*

ಐಯೋವಾ ರಾಜ್ಯದ ದೊಡ್ಡ ಜಾತ್ರೆಗೆ ಆಕಾಂಕ್ಷಿಗಳೆಲ್ಲ ಹೋಗುತ್ತಾರೆ. ಅಲ್ಲಿ ಬೆಣ್ಣೆಯಲ್ಲಿ ಮಾಡಿದ ಹಸು ಇರುತ್ತದೆ. ಅದರ ಮುಂದೆ ಫೋಟೊ. ಸಾಲಾಗಿ ಜಾಡಿಗಳು, ಒಂದೊಂದರ ಮೇಲೆ ಒಬ್ಬೊಬ್ಬರ ಹೆಸರು. ಜಾತ್ರೆಗೆ ಬಂದವರು ತಮಗೆ ಬೇಕಾದವರ ಜಾಡಿಗೆ ಒಂದು ಮುಸುಕಿನ ಜೋಳದ ಕಾಳು ಹಾಕುತ್ತಾರೆ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು. ಆಕಾಂಕ್ಷಿಗಳು ಇಲ್ಲೂ ಬರುತ್ತಾರೆ. ಹಗ್ಗ ಹಿಡಿದು ಫೋಟೊ. ಫೋಟೊದಲ್ಲಿ ತೇರು ಕಾಣುವುದಿಲ್ಲ, ಹಗ್ಗ ಕಾಣುತ್ತದೆ.

*

2014ರ ಲೋಕಸಭೆಗೆ ಕಾಂಗ್ರೆಸ್ ಕೂಡ ಪ್ರೈಮರಿ ಮಾಡಿ ನೋಡಿತು. ರಾಹುಲ್ ಗಾಂಧಿಯವರ ಪ್ರಯೋಗ. ಕರ್ನಾಟಕದಲ್ಲಿ ಎರಡು ಕ್ಷೇತ್ರ. ಮತ ಹಾಕಿದ್ದು ಪಕ್ಷದೊಳಗಿನವರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಗೆದ್ದರು.

ಮೇ ತಿಂಗಳಲ್ಲಿ ಇಬ್ಬರೂ ಸೋತರು. ಪ್ರಯೋಗದ ಮಾತು ಮತ್ತೆ ಕೇಳಲಿಲ್ಲ.

*

ಟಿಕೆಟ್ ಎಂದರೆ ಕೊನೆಗೆ ಬಿ ಫಾರಂ, ಒಂದು ಹಾಳೆ. ಸಹಿ ಶಾಯಿಯಲ್ಲಿ ಇರಬೇಕು, ಜೆರಾಕ್ಸ್ ನಡೆಯದು. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರ ಒಳಗೆ ಚುನಾವಣಾಧಿಕಾರಿಯ ಮೇಜಿಗೆ ಬರಬೇಕು. ಅದರಲ್ಲಿ ಎರಡು ಹೆಸರಿಗೆ ಜಾಗ. ಮೊದಲನೆಯವರ ನಾಮಪತ್ರ ತಿರಸ್ಕೃತವಾದರೆ ಎರಡನೆಯವರು. ಆ ಎರಡನೆಯವರು ಹೆಚ್ಚಾಗಿ ಮನೆಯವರು.

*

2018ರ ಏಪ್ರಿಲ್ 23. ಮರುದಿನ ನಾಮಪತ್ರಕ್ಕೆ ಕಡೆ. ವರುಣದಲ್ಲಿ ಬಿ.ವೈ. ವಿಜಯೇಂದ್ರ ವಾರಗಟ್ಟಲೆ ಊರೂರು ಸುತ್ತಿದ್ದರು. ಅವರಿಗೆ ಬಿಜೆಪಿ ಟಿಕೆಟ್ ಇಲ್ಲ ಎಂದು ಯಡಿಯೂರಪ್ಪನವರು ನಂಜನಗೂಡಿನಲ್ಲಿ ಹೇಳಿದರು. ಹೇಳಿದವರು ತಂದೆ. ಕುರ್ಚಿಗಳು ಹಾರಿದವು. ಪೊಲೀಸರು ಲಾಠಿ ಬೀಸಿದರು. ಟಿಕೆಟ್ ತೋಟದಪ್ಪ ಬಸವರಾಜು ಅವರಿಗೆ. ಪ್ರಚಾರಕ್ಕೆ ಅವರಿಗೆ ಉಳಿದದ್ದು ಮೂರು ವಾರವೂ ಇಲ್ಲ.

ಆ ಸಲ ಎದುರಿಗಿದ್ದವರು ಯತೀಂದ್ರ. ಅವರೂ ಮಗನೇ, ಸಿದ್ದರಾಮಯ್ಯನವರ ಮಗ. 58,616 ಮತಗಳಿಂದ ಗೆದ್ದರು.

*

ಮಗನಿಗೆ ವರುಣ ಬಿಟ್ಟು ತಂದೆ ಚಾಮುಂಡೇಶ್ವರಿಗೆ ಹೋದರು, ಬಾದಾಮಿಗೂ ಹೋದರು. ಚಾಮುಂಡೇಶ್ವರಿಯಲ್ಲಿ 36,042 ಮತಗಳಿಂದ ಸೋಲು. ಬಾದಾಮಿಯಲ್ಲಿ 1,696 ಮತಗಳಿಂದ ಗೆಲುವು. 2006ರ ಉಪಚುನಾವಣೆಯಲ್ಲಿ ಅದೇ ಚಾಮುಂಡೇಶ್ವರಿ ಅವರನ್ನು 257 ಮತಗಳಿಂದ ಉಳಿಸಿತ್ತು.

2023ರ ಜನವರಿಯಲ್ಲಿ ಕೋಲಾರ ಎಂದರು. ಮಾರ್ಚ್ 25ರ ಮೊದಲ ಪಟ್ಟಿಯಲ್ಲಿ ವರುಣ ಎಂದಿತ್ತು. ಆಕಾಂಕ್ಷಿಗಳು ಕ್ಷೇತ್ರಕ್ಕೆ ಅಲೆಯುವುದು ಗೊತ್ತು. ಮುಖ್ಯಮಂತ್ರಿಯಾಗಿದ್ದವರೂ ಅಲೆಯುತ್ತಾರೆ.

*

ಅದೇ ವರುಣಕ್ಕೆ ಬಿಜೆಪಿ ಕಳಿಸಿದ್ದು ವಿ. ಸೋಮಣ್ಣನವರನ್ನು. ಬೆಂಗಳೂರಿನ ಗೋವಿಂದರಾಜನಗರದ ಶಾಸಕರು, ಮಂತ್ರಿ. ಜೊತೆಗೆ ಚಾಮರಾಜನಗರವನ್ನೂ ಕೊಟ್ಟರು. ಎರಡು ಟಿಕೆಟ್. ಎರಡೂ ಕಡೆ ಸೋತರು. ಮರುವರ್ಷ ತುಮಕೂರಿನಿಂದ ಲೋಕಸಭೆಗೆ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದರು.

*

ನಂಜನಗೂಡು, 2013. ಕಾಂಗ್ರೆಸ್‌ನಿಂದ ವಿ. ಶ್ರೀನಿವಾಸ ಪ್ರಸಾದ್, ಜೆಡಿಎಸ್‌ನಿಂದ ಕಳಲೆ ಕೇಶವಮೂರ್ತಿ. ಪ್ರಸಾದ್ ಗೆದ್ದರು.

ನಂಜನಗೂಡು, 2017ರ ಉಪಚುನಾವಣೆ. ಪ್ರಸಾದ್ ಬಿಜೆಪಿಯಿಂದ. ಕಳಲೆ ಕಾಂಗ್ರೆಸ್‌ನಿಂದ. ಕಳಲೆ ಗೆದ್ದರು. ಅದೇ ಇಬ್ಬರು, ಅದೇ ಊರು. ಗೋಡೆಬರಹ ಅಳಿಸಿ ಬರೆಯುವವರಿಗೆ ಹೆಸರು ಬದಲಿಸುವ ಕೆಲಸವಿರಲಿಲ್ಲ, ಗುರುತು ಬದಲಿಸಿದರೆ ಸಾಕಿತ್ತು.

ಜೆಡಿಎಸ್ ಆ ಸಲ ಯಾರನ್ನೂ ನಿಲ್ಲಿಸಲಿಲ್ಲ.

*

ನಂಜನಗೂಡು, 2023. ಕಾಂಗ್ರೆಸ್ ಟಿಕೆಟ್‌ಗೆ ಕೇಳಿಬಂದ ದೊಡ್ಡ ಹೆಸರು ಎರಡು: ಆರ್. ಧ್ರುವನಾರಾಯಣ, ಎಚ್.ಸಿ. ಮಹದೇವಪ್ಪ. ಮಾರ್ಚ್ 11ರಂದು ಧ್ರುವನಾರಾಯಣ ಹೃದಯಾಘಾತದಿಂದ ತೀರಿಕೊಂಡರು. ಟಿಕೆಟ್ ಮಗ ದರ್ಶನ್‌ಗೆ. ಮಹದೇವಪ್ಪ ತಿ. ನರಸೀಪುರದಲ್ಲೇ ಉಳಿದರು. ಏಪ್ರಿಲ್ 7ರಂದು ದರ್ಶನ್ ಅವರ ತಾಯಿಯೂ ಹೋದರು. ಜೆಡಿಎಸ್ ಈ ಸಲವೂ ಯಾರನ್ನೂ ನಿಲ್ಲಿಸಲಿಲ್ಲ; ದರ್ಶನ್‌ಗೆ ಬೆಂಬಲ ಎಂದಿತು.

ಆಕಾಂಕ್ಷಿಗಳೆಲ್ಲ ಒಮ್ಮೆಗೇ ಸುಮ್ಮನಾದ ಟಿಕೆಟ್ ಇದೊಂದೇ ನನ್ನ ಟಿಪ್ಪಣಿ ಪುಸ್ತಕದಲ್ಲಿ ಇರುವುದು.

*

2019ರ ಲೋಕಸಭೆಯಲ್ಲಿ ಚಾಮರಾಜನಗರದಿಂದ ಧ್ರುವನಾರಾಯಣ ಸೋತದ್ದು ಶ್ರೀನಿವಾಸ ಪ್ರಸಾದ್ ಎದುರು, 1,817 ಮತಗಳಿಂದ. 2023ರಲ್ಲಿ ದರ್ಶನ್ ಎದುರು ನಿಂತವರು ಬಿ. ಹರ್ಷವರ್ಧನ್, ಪ್ರಸಾದ್ ಅವರ ಅಳಿಯ. ಅಲ್ಲಿ ಮಾವ ಗೆದ್ದಿದ್ದರು. ಇಲ್ಲಿ ಮಗ ಗೆದ್ದರು.

*

ಧ್ರುವನಾರಾಯಣ ಮೊದಲ ಸಲ ಶಾಸಕರಾದದ್ದು 2004ರಲ್ಲಿ, ಸಂತೇಮರಹಳ್ಳಿಯಿಂದ. ಅವರಿಗೆ 40,752. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೆ ಅವತ್ತು ಮತ ಹಾಕಲು ಬಿಡುವಾಗಲಿಲ್ಲ ಎಂಬ ಮಾತು ಈಗಲೂ ಈ ಕಡೆ ಓಡಾಡುತ್ತದೆ.

2008ರಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಕೃಷ್ಣಮೂರ್ತಿ 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. ಪಕ್ಷ ಕಾಂಗ್ರೆಸ್. ಅಂತರ 59,519.

*

ಸಮಸಮ ಬಂದರೆ ನಮ್ಮಲ್ಲಿ ಚೀಟಿ ಎತ್ತುತ್ತಾರೆ. 2016ರಲ್ಲಿ ಐಯೋವಾದ ಕೆಲವು ಬೂತುಗಳಲ್ಲಿ ನಾಣ್ಯ ಚಿಮ್ಮಿದರು. ಡೆಮಾಕ್ರಟಿಕ್ ಟಿಕೆಟ್‌ಗೆ ಕ್ಲಿಂಟನ್, ಸ್ಯಾಂಡರ್ಸ್ ನಡುವೆ.

*

ಬೆಳಗಾವಿ. 1985ರ ವಿಧಾನಸಭೆಗೆ 301 ಅಭ್ಯರ್ಥಿಗಳು. 1996ರ ಲೋಕಸಭೆಗೆ 456. ಗಡಿ ವಿಚಾರದಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರ ಪ್ರತಿಭಟನೆ. ಮತಪತ್ರ ಪುಸ್ತಕದಷ್ಟು ಆಯಿತು. ಆಗ ಲೋಕಸಭೆಯ ಠೇವಣಿ 500 ರೂಪಾಯಿ. ಅದೇ ವರ್ಷ 10,000 ಮಾಡಿದರು. ಈಗ 25,000.

ಬೆಳಗಾವಿಯಲ್ಲೇ ಬೆಳೆದ ಶ್ರೀ ಠಾಣೇದಾರ್ ಅಮೆರಿಕಕ್ಕೆ ಹೋದರು. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಪ್ರೈಮರಿಯಲ್ಲಿ ಸ್ವಂತದ 1 ಕೋಟಿ ಡಾಲರ್ ಸುರಿದು ಮೂರನೆಯವರಾದರು. 2022ರಲ್ಲಿ ಡೆಟ್ರಾಯ್ಟ್ ಕಡೆಯ ಸಂಸತ್ ಕ್ಷೇತ್ರದ ಪ್ರೈಮರಿ. ಕಣದಲ್ಲಿ ಒಂಬತ್ತು ಮಂದಿ. ಶೇ 28ರಷ್ಟು ಮತ ಸಾಕಾಯಿತು.

*

ಮೈಕೆಲ್ ಬ್ಲೂಮ್‌ಬರ್ಗ್, 2020ರ ಡೆಮಾಕ್ರಟಿಕ್ ಪ್ರೈಮರಿ. ಖರ್ಚು ಸುಮಾರು 100 ಕೋಟಿ ಡಾಲರ್. ಗೆದ್ದದ್ದು ಅಮೆರಿಕನ್ ಸಮೋವಾ. ಪೆಸಿಫಿಕ್‌ನಲ್ಲಿರುವ ದ್ವೀಪಗಳು.

*

ಒಂದು ಮತಯಂತ್ರದಲ್ಲಿ 16 ಗುಂಡಿ. ಒಂದು ನೋಟಾಗೆ. ಹದಿನಾರನೇ ಅಭ್ಯರ್ಥಿ ಬಂದರೆ ಎರಡನೇ ಯಂತ್ರ ತರಬೇಕು.

ಮಂಡ್ಯ, 2019. ಕಣದಲ್ಲಿ 22 ಮಂದಿ. ಅದರಲ್ಲಿ ಸುಮಲತಾ ಎಂಬ ಹೆಸರಿನವರು ನಾಲ್ವರು. ಒಬ್ಬರು ನಟಿ, ಪಕ್ಷೇತರ. ಅವರ ಗುರುತು ಕಹಳೆ ಊದುವ ರೈತ. ಅವರ ಸಭೆಗಳಲ್ಲಿ ಕಹಳೆಯ ಮಾತೇ ಹೆಚ್ಚು. 1,25,876 ಮತಗಳಿಂದ ಗೆದ್ದರು. ಉಳಿದ ಮೂವರು ಸುಮಲತಾ ಅವರ ಮನೆಯಲ್ಲಿ ಅವತ್ತು ಏನು ಮಾತಾಯಿತೋ.

*

ಪಕ್ಷೇತರರಿಗೆ ಆಯೋಗ ಕೊಡುವ ಗುರುತುಗಳಿಂದ: ಹಸಿ ಮೆಣಸಿನಕಾಯಿ, ಶುಂಠಿ, ಬೆಂಡೆಕಾಯಿ, ಹೂಕೋಸು, ಉಗುರು ಕತ್ತರಿಸುವ ಕಟರ್, ಸಿಸಿಟಿವಿ ಕ್ಯಾಮೆರಾ. ಮೊದಲ ನಾಲ್ಕು ಸಂತೆಯಲ್ಲಿ ಸಿಗುತ್ತವೆ.

*

ಜಗದೀಶ ಶೆಟ್ಟರ್. 2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ಸಿಗದೆ ಕಾಂಗ್ರೆಸ್‌ಗೆ. ಮೇನಲ್ಲಿ ಸೋಲು. 2024ರ ಜನವರಿಯಲ್ಲಿ ವಾಪಸ್ ಬಿಜೆಪಿಗೆ. ಜೂನ್‌ನಲ್ಲಿ ಬೆಳಗಾವಿ ಸಂಸದ. ಇಷ್ಟಕ್ಕೆ ಹದಿನಾಲ್ಕು ತಿಂಗಳು.

*

ತಗಡೂರಿಗೆ ಗಾಂಧೀಜಿ 1934ರಲ್ಲಿ ಬಂದಿದ್ದರು. ತಗಡೂರು ರಾಮಚಂದ್ರರಾಯರು ಇಲ್ಲಿ ಖಾದಿ ಕೆಲಸ ಕಟ್ಟಿದವರು. ಟಿಕೆಟ್ ಕೇಳಲು ಬೆಂಗಳೂರಿಗೆ ಹೊರಡುವವರದು ಯಾವ ಪಕ್ಷವಾದರೂ ಬಿಳಿ ಬಟ್ಟೆ. ಈಚೆಗೆ ಅದು ಹೆಚ್ಚಾಗಿ ಲಿನನ್.

*

ಚುನಾವಣೆಗೆ ಒಂದು ವರ್ಷ ಮುಂಚೆ ಊರಲ್ಲಿ ಸಮಾಜ ಸೇವಕರು ಹೆಚ್ಚುತ್ತಾರೆ. ಕಣ್ಣಿನ ತಪಾಸಣೆ, ಕ್ರಿಕೆಟ್ ಟೂರ್ನಿ, ಮಾದಪ್ಪನ ಬೆಟ್ಟಕ್ಕೆ ಬಸ್ಸು. ಪಟ್ಟಿ ಬಂದ ಮರುದಿನ ಒಬ್ಬರು ಉಳಿಯುತ್ತಾರೆ.

*

ಜಿಲ್ಲಾ ಪಂಚಾಯಿತಿಗೆ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ಕ್ಕೆ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಳೇ ಕಳೆದವು. ಆಕಾಂಕ್ಷಿಗಳು ಕಾಯಲಿಲ್ಲ. ಯುಗಾದಿಗೆ ಒಂದು ಫ್ಲೆಕ್ಸ್, ಗೌರಿ ಹಬ್ಬಕ್ಕೆ ಒಂದು.

ಒಂದರಲ್ಲಿ ಗಂಡ ಹೆಂಡತಿ ಇಬ್ಬರೂ ಕೈ ಮುಗಿದಿದ್ದರು. ಇಬ್ಬರ ಚಿತ್ರವೂ ಒಂದೇ ಅಳತೆ. ಯಾರು ಆಕಾಂಕ್ಷಿ ಎಂದು ಬರೆದಿರಲಿಲ್ಲ. ಕಟ್ಟುತ್ತಿದ್ದ ಹುಡುಗನನ್ನು ಕೇಳಿದೆ.

‘ರಿಸರ್ವೇಸನ್ ಲೇಡೀಸ್‌ಗೆ ಬಂದ್ರೆ ಅಕ್ಕ, ಜನ್ರಲ್ ಆದ್ರೆ ಅಣ್ಣ ಸಾ’ ಎಂದು ಹೇಳಿ ಇನ್ನೊಂದು ತುದಿಯ ಗಂಟು ಬಿಗಿದ.